ನಂದಿ–ಕೋಲಾರ–ಆವಣಿ ಎರಡು ದಿನದ ಪ್ರವಾಸ: ಪಟ್ಟಿ ಇಳಿಸಿ, ಗುಡಿ ಬಾಗಿಲು ಹಾಕುವ ಹೊತ್ತು ನೋಡಿಕೊಳ್ಳಿ

ಮೇಡಂ, ತುಮಕೂರಿನಿಂದ ಸ್ವಂತ ಕಾರು, ಶನಿವಾರ-ಭಾನುವಾರ ಎರಡೇ ದಿನ, ಮಂಡಿನೋವಿನ ಅತ್ತೆ-ಮಾವ, ಎಂಟನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಇತಿಹಾಸದ ಪ್ರಾಜೆಕ್ಟು ಅಂದಿದ್ದೀರಿ. ಪಟ್ಟಿಯಲ್ಲಿ ನಂದಿ ಬೆಟ್ಟ, ವಿದುರಾಶ್ವತ್ಥ, ಗುಡಿಬಂಡೆ, ಕೈವಾರ, ಕೋಟಿಲಿಂಗ, ಕೆಜಿಎಫ್, ಅಂತರಗಂಗೆ, ಆವಣಿ, ಕುರುಡುಮಲೆ. ಒಂಬತ್ತೂ ಆಗುತ್ತಾ ಅಂತ ಪ್ರಶ್ನೆ. ಆಗುತ್ತೆ, ಕಾರಿನಿಂದ ಇಳಿಯದಿದ್ದರೆ.

ಹಿಂದೆ ಈ ಸೀಮೆಯನ್ನು ಆಳಿದ ಗಂಗರ ಶಾಸನಗಳಲ್ಲಿ ರಾಜನ ಹೆಸರಿನ ಹಿಂದೆ ಎರಡು ಬಿರುದು ಮತ್ತೆ ಮತ್ತೆ ಬರುತ್ತವೆ: ಕುವಳಾಲಪುರವರೇಶ್ವರ, ನಂದಗಿರಿನಾಥ. ಕುವಳಾಲ ಅಂದರೆ ಈಗಿನ ಕೋಲಾರ, ಅವರ ಮೊದಲ ರಾಜಧಾನಿ. ನಂದಗಿರಿ ಅಂದರೆ ನಂದಿ ಬೆಟ್ಟ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಈ ಬಿರುದುಗಳನ್ನು ಅವರು ಬಿಡಲಿಲ್ಲ. ನಿಮ್ಮ ಎರಡು ದಿನದ ದಾರಿ ಆ ಬಿರುದಿನಲ್ಲೇ ಇದೆ. ನಂದಿಯಿಂದ ಕೋಲಾರ, ಅಲ್ಲಿಂದ ಮುಳಬಾಗಿಲು ಕಡೆಯ ಆವಣಿ, ಕುರುಡುಮಲೆ. ಈ ನಾಲ್ಕನ್ನು ಗಟ್ಟಿಯಾಗಿ ನೋಡಿದರೆ ಗಂಗ, ನೊಳಂಬ, ಚೋಳ, ವಿಜಯನಗರ ಎಲ್ಲರ ಕೆಲಸವೂ ಕಣ್ಣಿಗೆ ಬಿದ್ದಂತೆ, ಮಗಳ ಪ್ರಾಜೆಕ್ಟೂ ತುಂಬುತ್ತದೆ.

ಈ ಕಡೆಯ ಪ್ರವಾಸ ಕೆಡುವುದು ದೂರದಿಂದಲ್ಲ, ಮಧ್ಯಾಹ್ನದಿಂದ. ಇವೆಲ್ಲ ಪೂಜೆ ನಡೆಯುವ ಗುಡಿಗಳು. ಬೆಳಗಿನ ಪೂಜೆ ಮುಗಿಸಿ ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆ. ಎಂಟು ಗಂಟೆಗೆ ಮನೆ ಬಿಟ್ಟು, ದಾರಿಯಲ್ಲಿ ತಿಂಡಿ ಅಂತ ಒಂದು ಗಂಟೆ ಕಳೆದು, ಹನ್ನೊಂದೂವರೆಗೆ ಮೊದಲ ಗುಡಿ ಮುಟ್ಟಿದವರು ಎರಡನೆಯದರಲ್ಲಿ ಬೀಗ ನೋಡಿ ಬರುತ್ತಾರೆ. ಹಾಗಾಗಿ ಬೆಳಗ್ಗೆ ಗುಡಿ, ಮಧ್ಯಾಹ್ನ ಪ್ರಯಾಣ ಮತ್ತು ಊಟ, ಸಂಜೆ ಮತ್ತೆ ಗುಡಿ ಅಂತ ಇಟ್ಟುಕೊಳ್ಳಿ.

ಶನಿವಾರ ಬೆಳಗ್ಗೆ 6ಕ್ಕೆ ಹೊರಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ಅಲ್ಲಿಂದ ನಂದಿ ಗ್ರಾಮ. ಎರಡು-ಎರಡೂಕಾಲು ಗಂಟೆ ಸಾಕು. ಮ್ಯಾಪಿನಲ್ಲಿ ‘ನಂದಿ ಬೆಟ್ಟ’ ಅಂತ ಹಾಕಿದರೆ ಅದು ಮೇಲಕ್ಕೆ ಕರೆದೊಯ್ಯುತ್ತದೆ. ವಾರದ ಕೊನೆಯಲ್ಲಿ ಸೂರ್ಯೋದಯ ನೋಡಲು ಬಂದವರ ವಾಹನಗಳ ಸಾಲಿಗೆ ಸಿಕ್ಕಿಕೊಂಡರೆ ಆ ಬೆಳಗು ಅಲ್ಲಿಗೇ ಮುಗಿಯಿತು. ‘ಭೋಗನಂದೀಶ್ವರ ದೇವಸ್ಥಾನ’ ಅಂತಲೇ ಹಾಕಿ, ಅದು ಬೆಟ್ಟದ ಬುಡದಲ್ಲಿದೆ. ಮೇಲಿನ ಕೋಟೆಯನ್ನು 1791ರ ಅಕ್ಟೋಬರಿನಲ್ಲಿ ಇಂಗ್ಲಿಷ್ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡಿತು. ಅದೂ ನೋಡುವಂಥದ್ದೇ, ಆದರೆ ಈ ಸಲ ಬೇಡ.

ಭೋಗನಂದೀಶ್ವರದಲ್ಲಿ ಎರಡು ಗಂಟೆ ಇರಿ, ಕಡಿಮೆ ಮಾಡಬೇಡಿ. 9ನೇ ಶತಮಾನದ ಆರಂಭದ ದಾಖಲೆಗಳಲ್ಲೇ ಈ ಗುಡಿಯ ಪ್ರಸ್ತಾಪ ಇದೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಅಂತ ಎರಡು ದೊಡ್ಡ ಗುಡಿ ಅಕ್ಕಪಕ್ಕ, ನಡುವೆ ಆಮೇಲೆ ಸೇರಿಸಿದ ಉಮಾಮಹೇಶ್ವರನ ಚಿಕ್ಕ ಗುಡಿ, ಅದರ ಮುಂದೆ ಕಪ್ಪು ಕಲ್ಲಿನ ಕಲ್ಯಾಣಮಂಟಪ. ಎಲ್ಲರೂ ಫೋಟೋ ತೆಗೆಯುವುದು ಈ ಮಂಟಪದ ಕಂಬಗಳನ್ನು, ಬಳ್ಳಿ-ಹಕ್ಕಿಗಳ ಕೆತ್ತನೆ ಅಷ್ಟು ನಯ. ಹಳೆಯ ಕೆಲಸ ಇರುವುದು ಮಾತ್ರ ದೊಡ್ಡ ಗುಡಿಗಳ ಗೋಡೆಯಲ್ಲಿ ಮತ್ತು ಛಾವಣಿಯಲ್ಲಿ. ಗೋಡೆಯ ಜಾಲಂಧ್ರಗಳನ್ನು, ಅಂದರೆ ಕಲ್ಲಿನ ಜಾಲರಿ ಕಿಟಕಿಗಳನ್ನು, ಮೊದಲು ಹೊರಗಿನಿಂದ ನೋಡಿ. ಗಾಳಿ-ಬೆಳಕಿಗೆ ಕೊರೆದ ತೂತುಗಳ ನಡುವೆಯೇ ಕುಣಿಯುವ ಮೂರ್ತಿಗಳನ್ನು ಬಿಡಿಸಿದ್ದಾರೆ. ಆಮೇಲೆ ಒಳಗೆ ನವರಂಗದ (ಗರ್ಭಗುಡಿಯ ಮುಂದಿನ ಕಂಬದ ಮಂಟಪ) ನಡುವಿನ ಛಾವಣಿ: ಮಧ್ಯದಲ್ಲಿ ಶಿವ-ಪಾರ್ವತಿ, ಸುತ್ತ ದಿಕ್ಪಾಲಕರು, ಅಂದರೆ ಎಂಟು ದಿಕ್ಕು ಕಾಯುವ ದೇವತೆಗಳು.

ಛಾವಣಿ ನೋಡಲು ಕತ್ತು ಎತ್ತಿಕೊಂಡು ನಿಂತರೆ ಹಿರಿಯರಿಗೆ ತಲೆ ಸುತ್ತುತ್ತದೆ. ಅಂಗೈ ಅಗಲದ ಕನ್ನಡಿ ಒಯ್ಯಿರಿ. ಅದನ್ನು ಹೊಟ್ಟೆಯ ಮಟ್ಟದಲ್ಲಿ ಅಂಗಾತ ಹಿಡಿದು ಬಗ್ಗಿ ನೋಡಿದರೆ ಇಡೀ ಛಾವಣಿ ಅದರಲ್ಲೇ ಕಾಣುತ್ತದೆ, ಮೆಲ್ಲಗೆ ಸರಿಸುತ್ತಾ ಒಬ್ಬೊಬ್ಬ ದಿಕ್ಪಾಲಕನನ್ನೂ ಗುರುತಿಸಬಹುದು. ಟಗರಿನ ಮೇಲಿದ್ದವ ಅಗ್ನಿ, ಕೋಣದ ಮೇಲಿದ್ದವ ಯಮ, ಮೊಸಳೆಯಂಥ ಮಕರದ ಮೇಲಿದ್ದವ ವರುಣ, ಆನೆಯ ಮೇಲಿದ್ದವ ಇಂದ್ರ. ಮಗಳಿಗೆ ಇಷ್ಟು ಹೇಳಿಕೊಟ್ಟರೆ ಉಳಿದವರನ್ನು ಅವಳೇ ಹುಡುಕುತ್ತಾಳೆ. ಪಕ್ಕದ ಶೃಂಗಿ ತೀರ್ಥದ ಕಲ್ಯಾಣಿಯ ಮೆಟ್ಟಿಲು ಹಿರಿಯರಿಗೆ ಬೇಡ, ಮೇಲಿನ ಮಂಟಪದಲ್ಲೇ ಕೂರಿಸಿ.

ಹನ್ನೊಂದಾದ ಮೇಲೆ ಪ್ರಾಕಾರದ ಹಾಸುಗಲ್ಲು ಕಾಯುತ್ತದೆ. ಬರಿಗಾಲಲ್ಲಿ ಓಡಾಡಲು ಆಗದೆ ಅರ್ಧಕ್ಕೆ ವಾಪಸಾಗುವವರೇ ಹೆಚ್ಚು. ತಲಾ ಎರಡು ಜೊತೆ ದಪ್ಪ ಹತ್ತಿ ಸಾಕ್ಸ್ ಇಟ್ಟುಕೊಳ್ಳಿ. ನೈಲಾನ್ ಸಾಕ್ಸ್ ನುಣುಪು ಕಲ್ಲಿನ ಮೇಲೆ ಜಾರುತ್ತದೆ, ಅತ್ತೆಯವರಿಗೆ ಅದನ್ನು ಕೊಡಲೇಬೇಡಿ.

ಅಲ್ಲಿಂದ ಚಿಕ್ಕಬಳ್ಳಾಪುರದಲ್ಲಿ ಊಟ ಮುಗಿಸಿ ಶಿಡ್ಲಘಟ್ಟ, ಎಚ್ ಕ್ರಾಸ್, ವೇಮಗಲ್ ಮೇಲೆ ಕೋಲಾರ, ಸುಮಾರು ಎರಡು ಗಂಟೆ. ಹೊರಡುವ ಮುಂಚೆ ಸಮಯ ಉಳಿದರೆ ಹತ್ತಿರದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ, ಸಮಾಧಿ ನೋಡಬಹುದು. ಇಲ್ಲವೇ ಎಚ್ ಕ್ರಾಸಿನಿಂದ ಚಿಂತಾಮಣಿ ಕಡೆ ಹೊರಳಿ ಸಂತಕವಿ ಕೈವಾರ ತಾತಯ್ಯನವರ ಮಠ. ಎರಡರಲ್ಲಿ ಒಂದೇ. ನಾಲ್ಕಕ್ಕೆ ಕೋಲಾರದಲ್ಲಿ ರೂಮು ಹಿಡಿದು ಕಾಫಿ ಕುಡಿದು, ಐದರ ಹೊತ್ತಿಗೆ ಕೋಲಾರಮ್ಮನ ಗುಡಿಗೆ ಹೋಗಿ.

ಕೋಲಾರಮ್ಮನ ಗುಡಿ ಈಗಿರುವ ರೂಪಕ್ಕೆ ಬಂದದ್ದು 11ನೇ ಶತಮಾನದ ಚೋಳರ ಕಾಲದಲ್ಲಿ. ಗುಡಿಯ ಕಲ್ಲಿನ ಮೇಲಿನ ಶಾಸನಗಳನ್ನು ಗಮನಿಸಿ, ಕನ್ನಡವಲ್ಲ, ತಮಿಳು. ಸುಮಾರು 1004ರಲ್ಲಿ ಗಂಗರು ಚೋಳರಿಗೆ ಸೋತರು ಅಂತ ಪುಸ್ತಕದಲ್ಲಿ ಒಂದು ಸಾಲು ಇರುತ್ತದಲ್ಲ, ಆ ಸಾಲು ಇಲ್ಲಿ ಕಲ್ಲಿನಲ್ಲೇ ಇದೆ: ಊರು ಅದೇ, ಬರೆಸಿದವರ ಭಾಷೆ ಬೇರೆ. ಬೆಳಗ್ಗೆ ನಂದಿಯಲ್ಲಿ ಕಂಡ ಕನ್ನಡ ಶಾಸನದ ಫೋಟೋ ಪಕ್ಕ ಇದನ್ನಿಟ್ಟರೆ ಪ್ರಾಜೆಕ್ಟಿನ ಅತ್ಯುತ್ತಮ ಪುಟ ಅದೇ. ಒಳಗೆ ಚೇಳಮ್ಮನ ಸನ್ನಿಧಿ ಇದೆ. ಚೇಳಿನ ಕಾಟ ತಪ್ಪಲಿ ಅಂತ ಹರಕೆ ಹೊತ್ತವರು ಕಾಣಿಕೆಯನ್ನು ನೆಲದೊಳಗಿನ ಹುಂಡಿಗೆ ಹಾಕುತ್ತಾರೆ. ಹತ್ತಿರದಲ್ಲೇ ಪೇಟೆಯ ನಡುವೆ ಸೋಮೇಶ್ವರ, ಇದು ವಿಜಯನಗರದ ಕಾಲದ್ದು. ಎತ್ತರದ ಗೋಪುರ, ಕೆತ್ತನೆ ತುಂಬಿದ ಕಲ್ಯಾಣಮಂಟಪ. ಒಂದು ಗಂಟೆಯ ಅಂತರದಲ್ಲಿ ಎರಡನ್ನೂ ನೋಡಿದರೆ ಚೋಳರ ಬಿಗಿ ಗೋಡೆಗೂ ವಿಜಯನಗರದ ಕಂಬದ ಆಡಂಬರಕ್ಕೂ ಇರುವ ವ್ಯತ್ಯಾಸವನ್ನು ಯಾರೂ ವಿವರಿಸಬೇಕಿಲ್ಲ. ಅಂತರಗಂಗೆ ಮೆಟ್ಟಿಲ ದಾರಿ, ಜೊತೆಗೆ ಕೋತಿಗಳು. ಮಂಡಿನೋವಿದ್ದವರಿಗೆ ಬೇಡ.

ಭಾನುವಾರ 7ಕ್ಕೆ ರೂಮು ಬಿಡಿ, ಮೊದಲು ಆವಣಿ. ಮುಳಬಾಗಿಲು ತಾಲೂಕು, ಕೋಲಾರದಿಂದ ಮುಕ್ಕಾಲು ಗಂಟೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿರುವ ಗುಡಿಗಳು ಒಂದೇ ಪ್ರಾಕಾರದಲ್ಲಿವೆ. ಹೆಚ್ಚಿನವು 10ನೇ ಶತಮಾನದ ನೊಳಂಬ ಅರಸರ ಕೆಲಸ, ಲಕ್ಷ್ಮಣೇಶ್ವರದ ಹೊರಗೋಡೆ ಎಲ್ಲಕ್ಕಿಂತ ಚೆನ್ನ. ಇಲ್ಲಿ ತ್ರಿಭುವನಕರ್ತ ಎಂಬ ಶೈವ ಗುರು 40 ವರ್ಷ ಇಲ್ಲಿನ ಧರ್ಮಸ್ಥಾನದ ಮುಖ್ಯಸ್ಥನಾಗಿದ್ದು 50 ಗುಡಿ, 2 ದೊಡ್ಡ ಕೆರೆ ಕಟ್ಟಿಸಿದ ಅಂತ ಶಾಸನ ಹೇಳುತ್ತದೆ. ಗುಡಿ ಕಟ್ಟಿಸಿದವನೇ ಕೆರೆಯನ್ನೂ ಕಟ್ಟಿಸಿದ ಅನ್ನುವುದು ಕೋಲಾರದವರಿಗೆ ಬೇಗ ಅರ್ಥವಾಗುತ್ತದೆ. ಹಿಂದಿನ ಬೆಟ್ಟದಲ್ಲಿ ಸೀತೆ ಲವ-ಕುಶರನ್ನು ಹೆತ್ತಳು ಎಂಬ ಐತಿಹ್ಯ ಇದೆ. ಮೇಲಿನ ಸೀತಾ-ಪಾರ್ವತಿ ಗುಡಿಗೆ ಹತ್ತುವುದು ಬಂಡೆಯ ದಾರಿ. ನೀವೂ ಮಗಳೂ ಬೇಕಾದರೆ ಹೋಗಿ ಬನ್ನಿ, ಹಿರಿಯರು ಕೆಳಗೇ ಇರಲಿ. ಶಿವರಾತ್ರಿ ಸಮಯದಲ್ಲಿ ದೊಡ್ಡ ದನಗಳ ಜಾತ್ರೆ ನಡೆಯುತ್ತದೆ. ಆಗ ಶಿಲ್ಪ ನೋಡಲು ಹೋಗಬೇಡಿ, ಜಾತ್ರೆ ನೋಡಲು ಹೋಗಿ.

ಒಳಗೆ ಕತ್ತಲು, ಒಂದು ಟಾರ್ಚ್ ಬೇಕೇ ಬೇಕು. ಶಾಸನದ ಮೇಲೆ ನೇರವಾಗಿ ಬೆಳಕು ಬಿಟ್ಟರೆ ಅಕ್ಷರ ಮಾಯವಾಗುತ್ತದೆ. ಟಾರ್ಚನ್ನು ಗೋಡೆಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿದರೆ ಒಂದೊಂದು ಗೀರಿಗೂ ನೆರಳು ಬಿದ್ದು ಓದಲು ಬರುತ್ತದೆ. ಚೆನ್ನಾಗಿ ಕಾಣಲಿ ಅಂತ ಸೀಮೆಸುಣ್ಣ, ವಿಭೂತಿ, ಎಣ್ಣೆ ಸವರುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಕಲ್ಲು ಹಾಳಾಗುತ್ತದೆ, ಸಂರಕ್ಷಿತ ಸ್ಮಾರಕದಲ್ಲಿ ಅದು ಅಪರಾಧವೂ ಹೌದು. ಗರ್ಭಗುಡಿಯ ಫೋಟೋ ಬೇಡ, ಉಳಿದ ಕಡೆಯೂ ಅರ್ಚಕರನ್ನು ಕೇಳಿಯೇ ತೆಗೆಯಿರಿ. ಬಾಗಿಲು ಹಾಕಿದ್ದರೆ ಪಕ್ಕದ ಅಂಗಡಿಯಲ್ಲಿ ‘ಅರ್ಚಕರ ಮನೆ ಯಾವುದು’ ಅಂತ ಕೇಳಿ.

ಹತ್ತೂಕಾಲಿಗೆ ಆವಣಿ ಬಿಟ್ಟರೆ ಹನ್ನೊಂದರೊಳಗೆ ಕುರುಡುಮಲೆ. ಮುಳಬಾಗಿಲಿನಿಂದ ಸುಮಾರು 10 ಕಿ.ಮೀ. ಒಂದೇ ಕಲ್ಲಿನ, 13 ಅಡಿಗೂ ಮಿಕ್ಕ ಗಣಪತಿ. ಬಂದವರು ಕೈಮುಗಿದು ಕಾರು ತಿರುಗಿಸಿಬಿಡುತ್ತಾರೆ, ತಪ್ಪುವುದು ಅಲ್ಲೇ. ಊರೊಳಗೇ ಇರುವ ಸೋಮೇಶ್ವರ ಗುಡಿ ಶಿಲ್ಪದಲ್ಲಿ ಗಣಪತಿ ಗುಡಿಗಿಂತ ಮೇಲು. ಅರ್ಧ ಕಟ್ಟಿದ್ದು ಜನರ ಕಥೆಗಳ ಹೆಸರಾಂತ ಶಿಲ್ಪಿ ಜಕಣಾಚಾರಿ, ಇನ್ನರ್ಧ ಅವನ ಮಗ ಡಂಕಣಾಚಾರಿ ಅಂತ ಅಲ್ಲಿ ಹೇಳುತ್ತಾರೆ. ತುಮಕೂರಿನವರಾದ ನಿಮಗೆ ಈ ಕಥೆ ಹೊಸದಲ್ಲ, ಗೂಳೂರು ಪಕ್ಕದ ಕೈದಾಳದಲ್ಲೂ ಇವರೇ ಅಪ್ಪ-ಮಕ್ಕಳು. ಕೈದಾಳದ ಗುಡಿಯನ್ನು ಹೊಯ್ಸಳ 1ನೇ ನರಸಿಂಹನ ಸಾಮಂತ ಗೂಳಿಬಾಚಿ ಕಟ್ಟಿಸಿದ ಅನ್ನುವುದು ಶಾಸನದ ಮಾತು. ಕಥೆ ಒಂದು ಕಾಲಂ, ಶಾಸನ ಒಂದು ಕಾಲಂ ಅಂತ ಮಗಳು ಬೇರೆ ಬೇರೆ ಬರೆಯಲಿ, ಮೇಷ್ಟ್ರಿಗೆ ಇಷ್ಟವಾಗುತ್ತದೆ.

ಮುಳಬಾಗಿಲು ದೋಸೆ ತಿನ್ನದೆ ಬರಬೇಡಿ. ಮಾವನವರಿಗೆ ತುಪ್ಪ ಕಡಿಮೆ ಹಾಕಲು ಮೊದಲೇ ಹೇಳಿ.

ವಾಪಸ್ ಬರುವಾಗ ಬೆಂಗಳೂರೊಳಗೆ ಕಾಲಿಡಬೇಡಿ. ಕೋಲಾರ ಹೆದ್ದಾರಿಯಲ್ಲಿ ಹೊಸಕೋಟೆವರೆಗೆ ಬಂದು ಸ್ಯಾಟಲೈಟ್ ರಿಂಗ್ ರೋಡ್ ಹಿಡಿದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಮನೆ. ಟೋಲ್ ಇದೆ, ಫಾಸ್ಟ್ಯಾಗಿನಲ್ಲಿ ದುಡ್ಡು ನೋಡಿಕೊಳ್ಳಿ. ಮೂರೂವರೆ-ನಾಲ್ಕು ಗಂಟೆ ಇಟ್ಟುಕೊಳ್ಳಿ. ಎರಡಕ್ಕೆ ಹೊರಟರೆ ಕತ್ತಲಾಗುವ ಮುಂಚೆ ತುಮಕೂರು.

ಬಿಟ್ಟವುಗಳ ಬಗ್ಗೆ. ಕೋಟಿಲಿಂಗ ಭಕ್ತಿಗೆ ಸರಿ, ಆದರೆ ನಮ್ಮ ಕಾಲದ್ದೇ ಜಾಗ, ಇತಿಹಾಸದ ಪಟ್ಟಿಗೆ ಸೇರುವುದಿಲ್ಲ. ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಒಳಗಿಳಿಯಲು ಆಗುವುದಿಲ್ಲ. ಗುಡಿಬಂಡೆ ಕೋಟೆ ಕಾಲು ಗಟ್ಟಿ ಇದ್ದವರಿಗೆ. ವಿದುರಾಶ್ವತ್ಥವನ್ನು ಮಾತ್ರ ಕೈಬಿಡಬೇಡಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿದ ಜಾಗ, ಸ್ಮಾರಕವಿದೆ, ನೂರಾರು ನಾಗರಕಲ್ಲುಗಳಿವೆ. ಅದು ಗೌರಿಬಿದನೂರಿನ ಹತ್ತಿರ, ನಿಮಗೆ ಮಧುಗಿರಿ ಮೇಲೆ ಸಲೀಸು. ಇನ್ನೊಂದು ಭಾನುವಾರ ಅದಕ್ಕೇ ಹೋಗಿ.

ಮಗಳಿಗೆ ನಂದಿಯ ಛಾವಣಿ ಹಿಡಿಸಿದರೆ ತಿಪಟೂರು ತಾಲೂಕಿನ ಅರಳಗುಪ್ಪೆಯ ಕಲ್ಲೇಶ್ವರಕ್ಕೂ ಒಂದು ದಿನ ಕರೆದೊಯ್ಯಿರಿ. ಅಲ್ಲೂ ಸುತ್ತ ಎಂಟು ದಿಕ್ಪಾಲಕರು, ನಡುವೆ ಮಾತ್ರ ಶಿವ ಕುಣಿಯುತ್ತಾನೆ. ಕನ್ನಡಿ ಮರೆಯಬೇಡಿ.