ಡೀಸೆಲ್ ರೈಲಿಗೆ ಜನರೇಟರ್ ಯಾಕೆ?

ಪ್ರಶ್ನೆ: ಡೀಸೆಲ್ ರೈಲು ಎಂಜಿನ್ನಿನಲ್ಲಿ ಮೊದಲು ಕರೆಂಟ್ ತಯಾರಿಸಿ, ಆಮೇಲೆ ಅದರಿಂದ ಗಾಲಿ ತಿರುಗಿಸುತ್ತಾರಂತೆ. ಸುತ್ತುಬಳಸಿನ ದಾರಿ ಅಲ್ವಾ? ಎಂಜಿನ್ನನ್ನು ನೇರವಾಗಿ ಗಾಲಿಗೇ ಜೋಡಿಸಬಾರದಾ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಜೋಡಿಸಿ ನೋಡಿದ್ದಾರೆ, ಅದೂ ಡೀಸೆಲ್ ಎಂಜಿನ್ ಕಂಡುಹಿಡಿದ ಸ್ವತಃ ರುಡಾಲ್ಫ್ ಡೀಸೆಲ್! ಸ್ವಿಟ್ಜರ್ಲೆಂಡಿನ ಸುಲ್ಜರ್ ಕಂಪನಿಯ ಜೊತೆ ಸೇರಿ ಅವರು ಮಾಡಿಸಿದ ರೈಲು ಎಂಜಿನ್ 1912ರಲ್ಲಿ ಹಳಿಗಿಳಿಯಿತು. ಸುಮಾರು 1000 ಅಶ್ವಶಕ್ತಿ. ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ತೊಂದರೆ ಇದ್ದದ್ದು ಹೊರಡುವಾಗಲೇ. ಉಗಿ ಎಂಜಿನ್ನಿಗೆ ನಿಂತಲ್ಲಿಂದಲೇ ಎಳೆಯುವ ತಾಕತ್ತಿದೆ. ಡೀಸೆಲ್ ಹಾಗಲ್ಲ, ಎಂಜಿನ್ ತಿರುಗಿ ಸಿಲಿಂಡರಿನ ಗಾಳಿಯನ್ನು ಜೋರಾಗಿ ಒತ್ತಿ ಬಿಸಿ ಮಾಡಿದರೆ ಮಾತ್ರ ಎಣ್ಣೆ ಹೊತ್ತಿಕೊಳ್ಳುತ್ತದೆ. ಗಾಲಿ ನಿಂತರೆ ಎಂಜಿನ್ನೂ ನಿಂತ ಹಾಗೆಯೇ. ಅದಕ್ಕೇ ಟ್ಯಾಂಕಿನಲ್ಲಿ ಒತ್ತಿಟ್ಟ ಗಾಳಿಯನ್ನು ಸಿಲಿಂಡರಿಗೆ ಬಿಟ್ಟು ರೈಲನ್ನು ಹೊರಡಿಸಿ, ಸ್ವಲ್ಪ ವೇಗ ಹಿಡಿದ ಮೇಲೆ ಎಣ್ಣೆ ಸಿಂಪಡಿಸುತ್ತಿದ್ದರು. ದಿನನಿತ್ಯದ ಓಡಾಟಕ್ಕೆ ಇದು ಒಗ್ಗಲಿಲ್ಲ. ಆದರೂ ಆ ಧೈರ್ಯ ದೊಡ್ಡದು ಕಣ್ರೀ.

ಜನರೇಟರ್ ಇಟ್ಟರೆ ಗಾಲಿ ನಿಂತಿದ್ದರೂ ಎಂಜಿನ್ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಜನರೇಟರಿನ ಕರೆಂಟಿನಿಂದ ಗಾಲಿ ತಿರುಗಿಸುವುದು ವಿದ್ಯುತ್ ಮೋಟಾರು. ಹೊರಡುವಾಗಲೇ ಈ ಮೋಟಾರಿಗೆ ಬಲ ಜಾಸ್ತಿ. ಅಮೆರಿಕದ ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂಜೆರ್ಸಿ ಎಂಬ ರೈಲು ಕಂಪನಿ 1925ರಲ್ಲಿ ಕೊಂಡ, 1000 ನಂಬರಿನ ಎಂಜಿನ್ ಇಂಥದ್ದೇ. ಬರೀ 300 ಅಶ್ವಶಕ್ತಿ, ಆದರೆ ನ್ಯೂಯಾರ್ಕಿನ ಬ್ರಾಂಕ್ಸ್ ಯಾರ್ಡಿನಲ್ಲಿ ವ್ಯಾಗನ್‌ಗಳನ್ನು ಶಂಟಿಂಗ್ ಮಾಡುತ್ತಾ 1957ರವರೆಗೂ ದುಡಿಯಿತು.