ಹ್ಯಾಂಡಿಕ್ಯಾಪ್ ಸೊನ್ನೆಗೆ ಬಂದಿದೆ, ಈ ವರ್ಷವೇ ವೃತ್ತಿಪರ ಗಾಲ್ಫರ್ ಆಗಲೇ?

ವಯಸ್ಸು 21, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಸೂಚ್ಯಂಕ, ಕಡಿಮೆಯಾದಷ್ಟೂ ಒಳ್ಳೆಯದು) ಸೊನ್ನೆ, ಈ ವರ್ಷವೇ ವೃತ್ತಿಪರನಾಗಲೇ ಅಥವಾ ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯುವ ಕೋಲು) ಇನ್ನೊಂದು 20 ಗಜ ಗಳಿಸಿಕೊಂಡು ಮುಂದಿನ ವರ್ಷ ಆಗಲೇ ಎಂದು ಕೇಳಿದ್ದೀರಿ. ನಾನು ಇದೇ ಸೊನ್ನೆಯನ್ನು ನಂಬಿ ವೃತ್ತಿಪರನಾದವನು. ಮೊದಲ ಸೀಸನ್‌ನಲ್ಲಿ 9 ಟೂರ್ನಿ ಆಡಿದೆ, 8ರಲ್ಲಿ ಎರಡನೇ ದಿನ ಸಂಜೆಯೇ ಬ್ಯಾಗು ಕಟ್ಟಿದೆ. ಸ್ವಿಂಗ್ ಕೆಟ್ಟಿತ್ತು, ದೂರ ಸಾಲದು ಎಂದು ಆಗ ಅಂದುಕೊಂಡಿದ್ದೆ. ಎರಡೂ ಸುಳ್ಳು. ನಾನು ಒಂದು ಸಂಖ್ಯೆಯನ್ನು ತಪ್ಪಾಗಿ ಓದಿದ್ದೆ. ಅದನ್ನು ಸ್ವಲ್ಪ ಉದ್ದವಾಗಿಯೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪು ಕೂತಿದೆ.

2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ನಿಮ್ಮ ಕೊನೆಯ 20 ರೌಂಡುಗಳನ್ನು ತೆಗೆದುಕೊಂಡು ಅದರಲ್ಲಿ ಅತ್ಯುತ್ತಮವಾದ 8ರ ಸರಾಸರಿಯನ್ನು ಮಾತ್ರ ಕೊಡುತ್ತದೆ. ಉಳಿದ 12 ರೌಂಡು ಎಷ್ಟೇ ಕೆಟ್ಟಿದ್ದರೂ ಸೂಚ್ಯಂಕದಲ್ಲಿ ಕಾಣುವುದಿಲ್ಲ. ನನ್ನ ಕ್ಲಬ್‌ನ ಕೋರ್ಸ್ ರೇಟಿಂಗ್, ಅಂದರೆ ಸೊನ್ನೆ ಹ್ಯಾಂಡಿಕ್ಯಾಪ್‌ನವನಿಂದ ನಿರೀಕ್ಷಿಸುವ ಸ್ಕೋರು, 71; ಕೋರ್ಸಿನ ಕಷ್ಟ ಅಳೆಯುವ ಸ್ಲೋಪ್ ಸಾಮಾನ್ಯ ಮಟ್ಟದ 113. ಹಾಗಾಗಿ ಲೆಕ್ಕ ಸುಲಭ: ಸ್ಕೋರಿನಲ್ಲಿ 71 ಕಳೆದರೆ ಆಯಿತು. ವೃತ್ತಿಪರನಾದ ದಿನ ನನ್ನ ಒಳ್ಳೆಯ 8 ಸ್ಕೋರುಗಳು 69, 70, 70, 71, 71, 72, 72, 73. ಸರಾಸರಿ ಸರಿಯಾಗಿ 71, ಸೂಚ್ಯಂಕ ಸೊನ್ನೆ. ಉಳಿದ 12 ಇಲ್ಲಿವೆ: 73, 73, 74, 74, 74, 75, 75, 76, 76, 77, 78, 80. ಇವನ್ನೂ ಸೇರಿಸಿದರೆ 20ರ ಸರಾಸರಿ 73.65. ಅಂದರೆ ನಾನು ನಿಜವಾಗಿ ರೇಟಿಂಗ್‌ಗಿಂತ 2.65 ಹೊಡೆತ ಹೆಚ್ಚು ಆಡುವ ಆಟಗಾರ. ಸೊನ್ನೆ ಎಂಬುದು ನಾನು ಚೆನ್ನಾಗಿ ಆಡಿದ ದಿನದ ಹೆಸರು.

ಇದನ್ನೇ ಇನ್ನೊಂದು ಬಗೆಯಲ್ಲಿ ನೋಡಿ. ಒಂದು ರೌಂಡು ಆ ಒಳ್ಳೆಯ 8ರ ಗುಂಪಿಗೆ ಸೇರುವ ಸಾಧ್ಯತೆ 100ಕ್ಕೆ 40. ಎರಡು ದಿನ ಸತತವಾಗಿ ಹಾಗೆ ಆಡುವ ಸಾಧ್ಯತೆ 16. ನಾಲ್ಕೂ ದಿನ ಆಡುವ ಸಾಧ್ಯತೆ 3ಕ್ಕೂ ಕಡಿಮೆ. ಟೂರ್ನಿ ಎಂದರೆ ನಾಲ್ಕು ದಿನ, 72 ಹೋಲ್. ಅಲ್ಲಿ ಕೆಟ್ಟ ರೌಂಡನ್ನು ಪಕ್ಕಕ್ಕಿಡಲು ಯಾರೂ ಬಿಡುವುದಿಲ್ಲ.

ಆ ಸಂಖ್ಯೆ ಇನ್ನೂ ಒಂದನ್ನು ಮುಚ್ಚಿಡುತ್ತದೆ. ಹ್ಯಾಂಡಿಕ್ಯಾಪ್‌ಗೆ ಸ್ಕೋರು ಹಾಕುವಾಗ ಒಂದು ಹೋಲ್‌ಗೆ ನೆಟ್ ಡಬಲ್ ಬೋಗಿಯೇ ಗರಿಷ್ಠ: ಆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗಿಂತ (ಪಾರ್‌ಗಿಂತ) ಎರಡು ಹೆಚ್ಚು, ಜೊತೆಗೆ ಹ್ಯಾಂಡಿಕ್ಯಾಪ್ ಕೊಡುವ ಹೊಡೆತ. ಸೊನ್ನೆ ಹ್ಯಾಂಡಿಕ್ಯಾಪ್‌ನವನು ಪಾರ್ 4ರಲ್ಲಿ 9 ಹೊಡೆದರೂ 6 ಎಂದೇ ದಾಖಲಾಗುತ್ತದೆ. ಮೇಲಿನ ಪಟ್ಟಿಯ 80 ವಾಸ್ತವದಲ್ಲಿ 83. ಟೂರ್ನಿಯಲ್ಲಿ 9 ಎಂದರೆ 9. ಕಾರ್ಡಿನಲ್ಲಿ ಬರೆದ ಅಂಕಿ ಅಲ್ಲಿ ಎಷ್ಟು ಗಟ್ಟಿ ಎನ್ನುವುದಕ್ಕೆ 1968ರ ಮಾಸ್ಟರ್ಸ್ ನೆನಪಿಸಿಕೊಳ್ಳಿ. ರೊಬೆರ್ಟೊ ಡಿ ವಿಸೆಂಜೊ ಕೊನೆಯ ದಿನ 65 ಹೊಡೆದಿದ್ದರು. 17ನೇ ಹೋಲ್‌ನ 3ನ್ನು ಅವರ ಮಾರ್ಕರ್ (ಸ್ಕೋರು ಬರೆಯುವ ಜೊತೆ ಆಟಗಾರ) 4 ಎಂದು ಬರೆದಿದ್ದರು, ಇವರು ನೋಡದೆ 66ಕ್ಕೆ ಸಹಿ ಹಾಕಿದರು. 66 ಖಾಯಂ ಆಯಿತು, ಬಾಬ್ ಗೋಲ್ಬಿ ಜೊತೆಗಿನ ಪ್ಲೇಆಫ್ ಒಂದೇ ಹೊಡೆತದಲ್ಲಿ ಕೈತಪ್ಪಿತು.

ಇನ್ನು ಕೋರ್ಸ್. ಟೂರ್ನಿಗೆ ಹಿಂದಿನ ಟೀಗಳಿಂದ (ಮೊದಲ ಹೊಡೆತದ ಜಾಗ), ರಫ್ ಎಂಬ ಅಂಚಿನ ಹುಲ್ಲನ್ನು ಎತ್ತರಕ್ಕೆ ಬೆಳೆಯಬಿಟ್ಟು ಸಿದ್ಧಪಡಿಸಿದ ಪಾರ್ 72ರ ಕೋರ್ಸಿನ ರೇಟಿಂಗ್ 75ರ ಮೇಲೆ ಹೋಗುವುದು ಮಾಮೂಲು. ನನ್ನ ಮೊದಲ ಟೂರ್ನಿಯದು 75.5. ನನ್ನ 2.65 ಅದಕ್ಕೆ ಕೂಡಿಸಿ, 78 ದಾಟುತ್ತದೆ. ನಾನು ಹೊಡೆದದ್ದು 79 ಮತ್ತು 78. ಎರಡು ದಿನದ ಬಳಿಕ ಮುಂದುವರಿಯಲು ಬೇಕಾದ ಗಡಿ, ಅಂದರೆ ಕಟ್, 144ಕ್ಕೆ ನಿಂತಿತು, ನನ್ನದು 157. ಎರಡು ದುರ್ದಿನ ಒಟ್ಟಿಗೆ ಬಂದವು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ದುರ್ದಿನ ಎಲ್ಲಿತ್ತು? ಅದು ನನ್ನ ಸರಾಸರಿ, ಇದ್ದಲ್ಲೇ ಇತ್ತು. ಅದು ಗೊತ್ತಿಲ್ಲದೆ ಎರಡನೇ ಟೂರ್ನಿಗೆ ಮೊದಲೇ ದೂರಕ್ಕಾಗಿ ಸ್ವಿಂಗ್ ಬದಲಿಸಲು ಹೊರಟೆ, ಇದ್ದ ನಿಖರತೆಯೂ ಹೋಯಿತು.

ಅದಕ್ಕೇ ನಿಮ್ಮ 20 ಗಜದ ಮಾತನ್ನು ನಾನು ಒಪ್ಪುವುದಿಲ್ಲ. ದೂರಕ್ಕೆ ಬೆಲೆ ಇಲ್ಲವೆಂದಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅವರ ಲೆಕ್ಕದ ಪ್ರಕಾರ ಟೂರ್ ಆಟಗಾರನಿಗೆ ಹೆಚ್ಚುವರಿ 20 ಗಜದಿಂದ ರೌಂಡಿಗೆ ಸುಮಾರು ಮುಕ್ಕಾಲು ಹೊಡೆತ ಉಳಿಯುತ್ತದೆ. ಅದೇ ಲೆಕ್ಕದಲ್ಲಿ ಶ್ರೇಷ್ಠ ಆಟಗಾರರು ಉಳಿದವರಿಗಿಂತ ಮುಂದಿರುವುದರಲ್ಲಿ ಗ್ರೀನ್‌ಗೆ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಹೊಡೆಯುವ ಅಪ್ರೋಚ್‌ಗಳ ಪಾಲು ಶೇ. 40ರಷ್ಟು, ಡ್ರೈವಿಂಗ್‌ನದು ಶೇ. 28ರಷ್ಟು. ನಿಮಗೆ ಬೇಕಾಗಿರುವುದು ಮುಕ್ಕಾಲು ಹೊಡೆತವಲ್ಲ, ಐದಾರು.

ಆ ಐದಾರು ಎಲ್ಲಿವೆ? ನಿಮ್ಮ ಕೆಟ್ಟ 12 ಕಾರ್ಡುಗಳಲ್ಲಿ. ಸೀಸನ್ ಮುಗಿದ ಮೇಲೆ ನಾನು ಹಳೆಯ 20 ಕಾರ್ಡುಗಳನ್ನು ನೆಲದ ಮೇಲೆ ಹರಡಿ ಎಣಿಸಿದೆ. ಬರ್ಡಿಗಳು (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಒಳ್ಳೆಯ ರೌಂಡಿನಲ್ಲೂ ಕೆಟ್ಟ ರೌಂಡಿನಲ್ಲೂ ಹೆಚ್ಚು ಕಡಿಮೆ ಒಂದೇ, ರೌಂಡಿಗೆ ಮೂರು. ವ್ಯತ್ಯಾಸ ಇದ್ದದ್ದು ಡಬಲ್ ಬೋಗಿ ಮತ್ತು ಅದಕ್ಕಿಂತ ಕೆಟ್ಟ ಹೋಲ್‌ಗಳಲ್ಲಿ: ಒಳ್ಳೆಯ 8 ಕಾರ್ಡುಗಳಲ್ಲಿ ಒಟ್ಟು 3, ಕೆಟ್ಟ 12ರಲ್ಲಿ 19. ಆ 19ರಲ್ಲಿ 8 ಟೀಯಿಂದಲೇ ಹೊರಗೆ ಅಥವಾ ನೀರಿಗೆ ಹೋದವು. 6 ಹೋಲ್, ಮರಗಳ ನಡುವೆ ಸಿಕ್ಕಿಕೊಂಡು, ಇಣುಕಿದ ಕಿಂಡಿಯಲ್ಲೇ ಚೆಂಡು ತೂರಿಸಲು ಹೋಗಿ ಕೆಡಿಸಿಕೊಂಡವು. 3 ಹೋಲ್, ಗ್ರೀನ್‌ನ ತಪ್ಪು ಬದಿಗೆ ಬಿದ್ದು ಚಿಪ್ (ಚಿಕ್ಕ ಹೊಡೆತ) ನಿಲ್ಲದೆ ಹೋದವು. ಉಳಿದ ಎರಡು ಹೋಲ್‌ಗಳಲ್ಲಿ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಮೂರು ಬೇಕಾದವು.

ಟೀ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಚೆಂಡು ಔಟ್ ಆಫ್ ಬೌಂಡ್ಸ್ (ಕೋರ್ಸಿನ ಗಡಿಯಾಚೆ) ಹೋದರೆ ಹೊಡೆತವೂ ಹೋಯಿತು, ದೂರವೂ ಹೋಯಿತು. ಟೀಯಿಂದ ಮತ್ತೆ ಹೊಡೆಯುವುದು ಮೂರನೆಯ ಹೊಡೆತ. ಅಭ್ಯಾಸದ ರೇಂಜ್‌ನಲ್ಲಿ 40 ಡ್ರೈವ್ ಹೊಡೆಯಿರಿ. ಯಾವುದನ್ನೂ ಕೈಬಿಡದೆ ಪ್ರತಿ ಚೆಂಡೂ ಗುರಿಯಿಂದ ಎಷ್ಟು ಎಡಕ್ಕೆ, ಎಷ್ಟು ಬಲಕ್ಕೆ ಬಿತ್ತು ಬರೆದಿಡಿ. ತೀರಾ ಎಡದ್ದಕ್ಕೂ ತೀರಾ ಬಲದ್ದಕ್ಕೂ ನಡುವಿನ ಅಗಲವೇ ನಿಮ್ಮ ನಿಜವಾದ ಡ್ರೈವರ್. ಆ ಅಗಲದ ಪಟ್ಟಿಯನ್ನು ಹೋಲ್‌ನ ನಕ್ಷೆಯ ಮೇಲಿಟ್ಟು, ಒಂದು ಅಂಚೂ ಗಡಿಗೆ ತಾಗದಂತೆ ಗುರಿ ಸರಿಸಿ, ರಫ್‌ಗೆ ಗುರಿ ಇಡಬೇಕಾಗಿ ಬಂದರೂ ಸರಿ. ಎಲ್ಲಿ ಇಟ್ಟರೂ ಕೂರುವುದಿಲ್ಲ ಎಂದಾದರೆ ಮಾತ್ರ ಡ್ರೈವರ್‌ಗಿಂತ ಕಡಿಮೆ ದೂರದ ಕೋಲು, 3 ವುಡ್. ಹೆದರಿಕೆಗೆ 3 ವುಡ್ ತೆಗೆಯಬೇಡಿ, ಅದರ ಅಗಲವೂ ನೀವು ಅಂದುಕೊಂಡಷ್ಟು ಕಿರಿದಲ್ಲ, ಅದನ್ನೂ ಹೀಗೆಯೇ ಅಳೆಯಿರಿ. ಹತ್ತು ಡ್ರೈವ್‌ಗೆ ಒಂದು ಹೊರಗೆ ಹೋಗುತ್ತಿದ್ದರೆ, ರೌಂಡಿಗೆ 13 ಡ್ರೈವ್ ಎಂದಿಟ್ಟುಕೊಂಡರೂ ಎರಡೂವರೆ ಹೊಡೆತ ಅಲ್ಲೇ ಸೋರುತ್ತದೆ.

ಮರಗಳ ನಡುವಿನಿಂದ ಪಕ್ಕಕ್ಕೆ ಚಿಪ್ ಮಾಡಿ ಫೇರ್‌ವೇಗೆ ತರುವುದಕ್ಕೆ ನಾಚಿಕೆ ಬೇಡ. ಅಲ್ಲಿಂದ ಬೋಗಿ ಬಂದರೆ ನಷ್ಟ ಒಂದೇ. ಪಿನ್ (ಕುಳಿಯ ಬಾವುಟ) ಗ್ರೀನ್‌ನ ಅಂಚಿನಿಂದ ನಾಲ್ಕೈದು ಹೆಜ್ಜೆಯಲ್ಲಿದ್ದರೆ ಆ ಬದಿ ಮರೆತುಬಿಡಿ, ಗ್ರೀನ್‌ನ ನಡುವಿಗೆ ಹೊಡೆಯಿರಿ. 20 ಅಡಿಯ ಪಟ್ ಉಳಿಯುತ್ತದೆ ಎಂದು ಬೇಸರ ಬೇಡ. ಟೂರ್ ಆಟಗಾರರೂ 20 ಅಡಿಯಿಂದ ಹಾಕುವುದು 100ಕ್ಕೆ 15ರಷ್ಟು, 8 ಅಡಿಯಿಂದ ಅರ್ಧದಷ್ಟು. ಆದರೆ 3 ಅಡಿಯಿಂದ 96ರಷ್ಟು ಹಾಕುತ್ತಾರೆ. ಗೆಳೆಯರ ಜೊತೆ ಆಡುವಾಗ "ಎತ್ಕೋ, ಬಿಡು" ಎನ್ನಿಸಿಕೊಂಡ 3 ಅಡಿಯ ಪಟ್‌ಗಳೆಲ್ಲ ಟೂರ್ನಿಯಲ್ಲಿ ಕೈ ನಡುಗಿಸುತ್ತವೆ. ಇವತ್ತಿನಿಂದ ಒಂದನ್ನೂ ಎತ್ತಿಕೊಳ್ಳಬೇಡಿ.

ಈಗ ನಿಮ್ಮ ಮೂಲ ಪ್ರಶ್ನೆ. ವೃತ್ತಿಪರನಾಗುವುದು ಒಂದು ದರ್ಜೆ ಎಂದು ನೀವು ತಿಳಿದಂತಿದೆ. ಅದು ಬರೀ ಒಂದು ಘೋಷಣೆ. ಅದರಿಂದ ಯಾವ ಟೂರ್‌ನಲ್ಲೂ ಜಾಗ ಸಿಗುವುದಿಲ್ಲ. ಜಾಗ ಸಿಗುವುದು ಅರ್ಹತಾ ಸುತ್ತುಗಳಿಂದ, ಅಂದರೆ ಕ್ಯೂ ಸ್ಕೂಲ್‌ನಿಂದ. ಯುರೋಪಿನ ಡಿಪಿ ವರ್ಲ್ಡ್ ಟೂರ್‌ನ ಕ್ಯೂ ಸ್ಕೂಲ್‌ನ ಕೊನೆಯ ಹಂತವೇ ಆರು ರೌಂಡು. ಹವ್ಯಾಸಿಯಾಗಿದ್ದೂ ಇಂಥ ಸುತ್ತುಗಳಲ್ಲಿ, ವೃತ್ತಿಪರರ ಟೂರ್ನಿಗಳಲ್ಲಿ ಆಡಬಹುದು; ಮಿತಿ ಮೀರಿದ ಬಹುಮಾನದ ಹಣ ಮುಟ್ಟಬಾರದು, ಅಷ್ಟೆ. 2022ರಲ್ಲಿ ಹವ್ಯಾಸಿ ನಿಯಮಗಳು ಬದಲಾದ ಮೇಲೆ ಪ್ರಾಯೋಜಕರ ಹಣ ಪಡೆಯಲೂ ಅಡ್ಡಿಯಿಲ್ಲ. ಹಾಗಿರುವಾಗ ಅವಸರ ಯಾಕೆ? ಒಮ್ಮೆ ಘೋಷಿಸಿಕೊಂಡರೆ ಹವ್ಯಾಸಿ ಚಾಂಪಿಯನ್‌ಶಿಪ್‌ಗಳ ಬಾಗಿಲು ಮುಚ್ಚುತ್ತದೆ, ಮರಳಿ ಬರಲು ಅರ್ಜಿ ಹಾಕಿ ಕಾಯಬೇಕು. ನಾನು ಕಾದಿದ್ದೇನೆ. ಸ್ಪರ್ಧೆಯಿಲ್ಲದ ಆ ತಿಂಗಳುಗಳಲ್ಲಿ ಆಟ ತುಕ್ಕು ಹಿಡಿಯುತ್ತದೆ.

ಹಣದ ಮಾತು ಚುಟುಕಾಗಿ. ಅಮೆರಿಕದ ಪಿಜಿಎ ಟೂರ್‌ನ ಸಾಮಾನ್ಯ ಟೂರ್ನಿಯಲ್ಲಿ ಗೆದ್ದವರಿಗೆ ಒಟ್ಟು ಬಹುಮಾನದ ಶೇ. 18, ಕಟ್ ದಾಟಿ 65ನೆಯವರಾದರೆ ಶೇ. 0.2ರಷ್ಟು, ಕಟ್ ತಪ್ಪಿದರೆ ಏನೂ ಇಲ್ಲ. ಕೆಳಗಿನ ಟೂರ್‌ಗಳಲ್ಲಿ ಆ ಒಟ್ಟು ಮೊತ್ತವೇ ಚಿಕ್ಕದು. ಪ್ರವೇಶ ಶುಲ್ಕ, ಪ್ರಯಾಣ, ವಸತಿ ಮಾತ್ರ ಚಿಕ್ಕದಾಗುವುದಿಲ್ಲ. ಬ್ಯಾಗು ಹೊರುವ ಕ್ಯಾಡಿಯ ವಾರದ ಸಂಬಳ ಕಟ್ ತಪ್ಪಿದರೂ ಕೊಡಲೇಬೇಕು. ಹಣ ಬಂದರೆ ರೂಢಿಯಲ್ಲಿ ಅವರ ಪಾಲು ಶೇ. 5, ಮೊದಲ ಹತ್ತರೊಳಗೆ ಬಂದರೆ 7, ಗೆದ್ದರೆ 10. ಸತತ ಎಂಟು ಕಟ್ ತಪ್ಪಿದರೂ ತಡೆದುಕೊಳ್ಳುವಷ್ಟು ಹಣ ಕೈಯಲ್ಲಿ ಇಲ್ಲದಿದ್ದರೆ ಆಡುವಾಗ ಪಟ್ ಕಾಣುವುದಿಲ್ಲ, ಖರ್ಚೇ ಕಾಣುತ್ತದೆ.

ನನ್ನ ಅಳತೆಗೋಲು ಕಠಿಣ ಅನ್ನಿಸಬಹುದು. ಬೇರೆ ಬೇರೆ ಕೋರ್ಸುಗಳಲ್ಲಿ, ಟೂರ್ನಿಯಲ್ಲೇ ಆಡಿದ 20 ರೌಂಡು ತೆಗೆದುಕೊಳ್ಳಿ. ಯಾವುದನ್ನೂ ಬಿಡದೆ, ಯಾವ ಹೋಲನ್ನೂ ಕಡಿಮೆ ಮಾಡದೆ ಸರಾಸರಿ ಹಾಕಿ. ಅದು ಆ ಕೋರ್ಸುಗಳ ರೇಟಿಂಗ್‌ಗಿಂತ ಕನಿಷ್ಠ 3 ಹೊಡೆತ ಕಡಿಮೆ ಇರಬೇಕು. ಆ ಹೊತ್ತಿಗೆ ನಿಮ್ಮ ಸೂಚ್ಯಂಕ ತಾನಾಗಿ ಪ್ಲಸ್ 5ರ (ಸೊನ್ನೆಗಿಂತ ಐದು ಹೊಡೆತ ಉತ್ತಮ) ಹತ್ತಿರ ಬಂದಿರುತ್ತದೆ. ಅಲ್ಲಿಯವರೆಗೆ ಹವ್ಯಾಸಿಯಾಗಿಯೇ ಇರಿ, ಸಿಕ್ಕ ಪ್ರತಿ 72 ಹೋಲ್‌ಗಳ ಟೂರ್ನಿ ಆಡಿ.

ವಯಸ್ಸು ಮೀರುತ್ತದೆ ಎಂಬ ಭಯವಿದ್ದರೆ ಬಿಡಿ. ಲ್ಯಾರಿ ನೆಲ್ಸನ್ ಗಾಲ್ಫ್ ಕಲಿಯಲು ಶುರು ಮಾಡಿದ್ದೇ 21ಕ್ಕೆ, ಮೂರು ಮೇಜರ್ (ಗಾಲ್ಫಿನ ಅತಿ ದೊಡ್ಡ ಟೂರ್ನಿಗಳು) ಗೆದ್ದರು. ಬೆನ್ ಹೋಗನ್ 1930ರಲ್ಲಿ, 17ನೇ ವಯಸ್ಸಿಗೇ ವೃತ್ತಿಪರರಾದರು; ಒಬ್ಬರೇ ಆಡಿ ಗೆದ್ದ ಮೊದಲ ಟೂರ್ ಪ್ರಶಸ್ತಿ ಬಂದದ್ದು 1940ರಲ್ಲಿ. ನಡುವೆ ಕೈಯಲ್ಲಿ ಕಾಸಿಲ್ಲದೆ ಟೂರ್ ಬಿಟ್ಟು ಹೋದದ್ದೂ ಉಂಟು.

ನಿಮ್ಮ 20 ಸ್ಕೋರುಗಳನ್ನೂ, ಪ್ರತಿಯೊಂದರ ಎದುರು ಆ ಕೋರ್ಸಿನ ರೇಟಿಂಗ್ ಮತ್ತು ಡಬಲ್ ಬೋಗಿಗಳ ಸಂಖ್ಯೆಯನ್ನೂ ಇಲ್ಲಿ ಕಾಮೆಂಟ್‌ನಲ್ಲಿ ಹಾಕಿ. 9 ಹೊಡೆದ ಹೋಲ್ ಇದ್ದರೆ 9 ಎಂದೇ ಬರೆಯಿರಿ. ಮೊದಲು ಯಾವ ತೂತು ಮುಚ್ಚಬೇಕು ಎಂದು ಒಟ್ಟಿಗೆ ಕೂತು ನೋಡೋಣ.