ನಗದು ಬಹುಮಾನವಿದ್ದರೂ ತಂಡದಲ್ಲಿ ಹುರುಪಿಲ್ಲವೇಕೆ?

ಪ್ರಶ್ನೆ: ಫ್ರಿಜ್, ವಾಷಿಂಗ್ ಮಷೀನ್ ರಿಪೇರಿ ಮಾಡುವ ಸರ್ವಿಸ್ ಸೆಂಟರೊಂದರ ಮೇಲ್ವಿಚಾರಕ ನಾನು. ತಿಂಗಳಲ್ಲಿ ಅತಿ ಹೆಚ್ಚು ಕಂಪ್ಲೇಂಟ್ ಮುಗಿಸಿದ ಮೆಕ್ಯಾನಿಕ್‌ಗೆ ನಗದು ಬಹುಮಾನ ಇಟ್ಟಿದ್ದೇವೆ. ಈಗ ಸುಲಭದ ಕೆಲಸಕ್ಕೆ ಪೈಪೋಟಿ, ಕಷ್ಟದ್ದಕ್ಕೆ ಯಾರೂ ಮುಂದೆ ಬರುವುದಿಲ್ಲ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಹುಡುಗರು ಸೋಮಾರಿಗಳಲ್ಲ, ಬಹುಮಾನ ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತದೆಯೋ ಅದನ್ನೇ ಮಾಡುತ್ತಿದ್ದಾರೆ. ಗೆಲ್ಲುವವನು ಒಬ್ಬನೇ ಆದಾಗ, ಜೊತೆಗಾರನಿಗೆ ನೆರವಾಗಲು ಅರ್ಧ ದಿನ ಕೊಟ್ಟವನು ಸೋಲುತ್ತಾನೆ.

ಗ್ಯಾರಿ ಲೇಥಮ್ ಮತ್ತು ಜೇಮ್ಸ್ ಬಾಲ್ಡೆಸ್ 1975ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಿಮಗೆ ಉಪಯೋಗವಾದೀತು. ಅಮೆರಿಕದ ಓಕ್ಲಹೋಮದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ಗರಿಷ್ಠ ತೂಕದ ಸುಮಾರು ಶೇ 60ರಷ್ಟನ್ನೇ ಹೊತ್ತು ಬರುತ್ತಿದ್ದವು. ‘ಆದಷ್ಟು ಹೆಚ್ಚು ಹೇರಿ’ ಎಂಬ ಮಾತಿಗೆ ಬದಲಾಗಿ ‘ಶೇ 94’ ಎಂಬ ಖಚಿತ ಗುರಿ ಕೊಡಲಾಯಿತು. ಮುಟ್ಟಿದರೆ ಹೆಚ್ಚುವರಿ ಹಣವಿಲ್ಲ, ಮುಟ್ಟದಿದ್ದರೆ ಶಿಕ್ಷೆಯೂ ಇಲ್ಲ. ಆದರೂ ಹೊರೆ ಶೇ 90ರ ಆಸುಪಾಸಿಗೆ ಏರಿ, ತಿಂಗಳುಗಟ್ಟಲೆ ಅಲ್ಲೇ ನಿಂತಿತು. ಪ್ರತಿ ಲಾರಿಯನ್ನೂ ತೂಕ ಮಾಡುತ್ತಿದ್ದುದರಿಂದ ತಾವೆಲ್ಲಿದ್ದೇವೆ ಎಂಬುದು ಚಾಲಕರಿಗೆ ಆಗಿಂದಾಗ್ಗೆ ತಿಳಿಯುತ್ತಿತ್ತು ಎನ್ನುವುದನ್ನು ಮರೆಯಬೇಡಿ.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ತೆರೇಸಾ ಅಮಬಿಲೆ 238 ಉದ್ಯೋಗಿಗಳ ಸುಮಾರು 12,000 ದಿನಚರಿ ಬರಹಗಳನ್ನು ಪರಿಶೀಲಿಸಿದಾಗಲೂ, ಅರ್ಥವಿದೆ ಎನಿಸುವ ಕೆಲಸ ಒಂದಿಷ್ಟು ಮುಂದೆ ಸಾಗಿದ ದಿನವೇ ಉತ್ಸಾಹ ಹೆಚ್ಚಿರುತ್ತದೆ ಎಂಬುದು ಕಂಡುಬಂತು.

ಆದ್ದರಿಂದ ‘ಏಳು ದಿನಕ್ಕಿಂತ ಹಳೆಯ ಕಂಪ್ಲೇಂಟ್ ಒಂದೂ ಉಳಿಯಬಾರದು’ ಎಂಬಂಥ ಒಂದೇ ಗುರಿಯನ್ನು ಇಡೀ ತಂಡಕ್ಕೆ, ಅವರೊಡನೆ ಚರ್ಚಿಸಿಯೇ, ಗೊತ್ತುಮಾಡಿ. ಬಾಕಿ ಸಂಖ್ಯೆಯನ್ನು ಎಲ್ಲರಿಗೂ ಕಾಣುವ ಬೋರ್ಡಿನ ಮೇಲೆ ದಿನವೂ ಬರೆಯಿರಿ; ಮೆಕ್ಯಾನಿಕ್‌ಗಳ ಹೆಸರು ಮಾತ್ರ ಅಲ್ಲಿ ಬೇಡ. ಬೆಳಿಗ್ಗೆ ‘ನಿನ್ನೆ ಎಷ್ಟು ಮುಗಿಸಿದೆ’ ಎನ್ನುವ ಬದಲು ‘ಎಲ್ಲಿ ಸಿಕ್ಕಿಹಾಕಿಕೊಂಡಿದೆ’ ಎಂದು ಕೇಳಿ. ಕಂಪ್ರೆಸರ್ ಬಂದಿಲ್ಲವೆಂದು ಒಂದೇ ಮನೆಗೆ ಮೂರು ಸಲ ಬರಿಗೈಯಲ್ಲಿ ಹೋಗಿ ಬೈಸಿಕೊಂಡು ಬಂದವನ ಹುರುಪು ಯಾವ ಬಹುಮಾನದಿಂದಲೂ ಮರಳುವುದಿಲ್ಲ. ಆ ಬಿಡಿಭಾಗವನ್ನು ತರಿಸುವುದು ನಿಮ್ಮ ಕೆಲಸ, ಅವನದಲ್ಲ. ಸಂಬಳ, ಪೆಟ್ರೋಲ್ ಭತ್ಯೆ ತಡವಾಗುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ.

ಈ ತಿಂಗಳ ಬಹುಮಾನವನ್ನು ಮಾತು ಕೊಟ್ಟಂತೆ ಕೊಟ್ಟುಬಿಡಿ. ಮುಂದಿನ ತಿಂಗಳಿನಿಂದ ಅದೇ ಮೊತ್ತವನ್ನು, ಗುರಿ ಮುಟ್ಟಿದಾಗ, ಎಲ್ಲರಿಗೂ ಸಮನಾಗಿ ಹಂಚಿ.